ಕನ್ನಡ ಓದಿ ಹೇಳುವ ಕಂಪ್ಯೂಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಣ್ಣು ಕಾಣದವರು ಕನ್ನಡ ಓದುವುದಕ್ಕೆ ಬೇಕಾದ ತಂತ್ರಾಂಶ, ಸಾಧನ, ಪುಸ್ತಕಗಳ ಬಗ್ಗೆ ಕೆಲವು ಪ್ರಶ್ನೆಗಳು ಸುತ್ತಿ ಸುತ್ತಿ ಬರುತ್ತಲೇ ಇರುತ್ತವೆ. ಪಿಯುಸಿ ಓದುವ ಹುಡುಗಿ, ಮಗನಿಗೆ ಸಾಧನ ಹುಡುಕುವ ತಂದೆ, ಹೊರದೇಶದಲ್ಲಿದ್ದು ಊರಿನ ಶಾಲೆಗೆ ಏನಾದರೂ ಕಳಿಸಬೇಕೆನ್ನುವ ಕನ್ನಡಿಗರು, ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವನ್ನೇ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಒಂದೆಡೆ ಇಟ್ಟಿದ್ದೇನೆ. ಗಾಲಿಕುರ್ಚಿ, ಶ್ರವಣ ಸಾಧನ, ಕೃತಕ ಕಾಲುಗಳ ವಿಷಯ ಇಲ್ಲಿಲ್ಲ. ಅವನ್ನು ಬಲ್ಲವರು ಬೇರೆ ಇದ್ದಾರೆ.

ಸಹಾಯಕ ತಂತ್ರಜ್ಞಾನ ಎಂದರೆ ಏನೇನು?

ನಿಮ್ಮ ಮೂಗಿನ ಮೇಲೆ ಕನ್ನಡಕ ಇದ್ದರೆ ನೀವೂ ಅದರ ಬಳಕೆದಾರರೇ. ಬಿಳಿ ಕೋಲು, ಶ್ರವಣ ಸಾಧನ, ಗಾಲಿಕುರ್ಚಿ, ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ, ಎಲ್ಲವೂ ಇದೇ ಗುಂಪಿಗೆ ಸೇರುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2022ರ ಮೇ ತಿಂಗಳಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ 250 ಕೋಟಿಗೂ ಹೆಚ್ಚು ಜನರಿಗೆ ಇಂಥ ಒಂದಲ್ಲ ಒಂದು ಸಾಧನ ಬೇಕು. ಅವರಲ್ಲಿ ಸುಮಾರು 100 ಕೋಟಿ ಜನರಿಗೆ ಅದು ಸಿಕ್ಕಿಲ್ಲ. ಶ್ರೀಮಂತ ದೇಶಗಳಲ್ಲಿ ಬೇಕಾದವರಲ್ಲಿ ನೂರಕ್ಕೆ 90 ಮಂದಿಯವರೆಗೂ ಸಾಧನ ತಲುಪಿದರೆ, ತೀರ ಬಡ ದೇಶಗಳಲ್ಲಿ ಆ ಪ್ರಮಾಣ ನೂರಕ್ಕೆ 3ರವರೆಗೂ ಇಳಿಯುತ್ತದೆ.

ಆ ಲೆಕ್ಕದಲ್ಲಿ ಭಾಷೆಗೆಂದು ಕಾಲಂ ಇಲ್ಲ. ಸಾಧನ ಕೈಗೆ ಬಂದ ಮೇಲೂ ಅದು ನಿಮ್ಮ ಭಾಷೆಯನ್ನು ಓದದಿದ್ದರೆ ಸಿಕ್ಕಿದವರ ಪಟ್ಟಿಗೆ ನಿಮ್ಮನ್ನು ಸೇರಿಸಬೇಕೋ ಬೇಡವೋ? ಈ ಪುಟವೆಲ್ಲ ಆ ಪ್ರಶ್ನೆಯ ಸುತ್ತ ಇದೆ.

‘ಅಂಧ’, ‘ವಿಕಲಚೇತನ’, ‘ದಿವ್ಯಾಂಗ’: ಯಾವ ಪದ ಬಳಸಬೇಕು?

ಎದುರಿಗಿರುವವರನ್ನೇ ಕೇಳಿ. ರಾಜ್ಯ ಸರ್ಕಾರದ ಇಲಾಖೆಯ ಹೆಸರಿನಲ್ಲಿ ‘ವಿಕಲಚೇತನ’ ಇದೆ, ಕೇಂದ್ರದವರು ‘ದಿವ್ಯಾಂಗ’ ಎನ್ನುತ್ತಾರೆ. ಈ ‘ದಿವ್ಯ’ದಲ್ಲಿ ದಿವ್ಯವಾದದ್ದು ಏನಿದೆ ಎಂದು ನಗುವವರನ್ನೂ ನಾನು ಬಲ್ಲೆ. ನಾನಂತೂ ‘ಕಣ್ಣು ಕಾಣದವರು’ ಎಂದೇ ಬರೆಯುತ್ತೇನೆ.

ಕಣ್ಣು ಕಾಣದವರು ಕಂಪ್ಯೂಟರ್ ಬಳಸುವುದು ಹೇಗೆ?

ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದಿಂದ. ಪರದೆಯ ಮೇಲೆ ಏನಿದೆಯೋ ಅದನ್ನು ಅದು ದನಿಯಲ್ಲಿ ಹೇಳುತ್ತದೆ, ಇಲ್ಲವೆ ಬೆರಳಿನಿಂದ ಮುಟ್ಟಿ ಓದುವ ಬ್ರೈಲ್ ಸಾಧನಕ್ಕೆ ಚುಕ್ಕಿಗಳಾಗಿ ಕಳಿಸುತ್ತದೆ. ಮೌಸ್ ಮೂಲೆಗೆ ಹೋಗುತ್ತದೆ, ಕೀಲಿಮಣೆಯೇ ಎಲ್ಲ. ವೆಬ್ ಪುಟದಲ್ಲಿ ‘ಎಚ್’ ಒತ್ತಿದರೆ ಮುಂದಿನ ತಲೆಬರಹಕ್ಕೆ ನೆಗೆಯಬಹುದು. ಮಾತು ಸಾಕೆನಿಸಿದರೆ ಕಂಟ್ರೋಲ್ ಕೀಲಿ ಒತ್ತಿದೊಡನೆ ಬಾಯಿ ಮುಚ್ಚುತ್ತದೆ. (ಮನುಷ್ಯರಿಗೂ ಅಂಥದೊಂದು ಕೀಲಿ ಇದ್ದಿದ್ದರೆ ಎಂದು ಪ್ರತಿ ಹೊಸ ವಿದ್ಯಾರ್ಥಿಯೂ ಒಮ್ಮೆ ಹೇಳಿಯೇ ಹೇಳುತ್ತಾನೆ.) ಪಳಗಿದವರು ಕೇಳುವ ವೇಗಕ್ಕೆ ಪಕ್ಕದಲ್ಲಿ ಕೂತವರಿಗೆ ಒಂದು ಪದವೂ ತಿಳಿಯುವುದಿಲ್ಲ.

ಮೊಬೈಲ್‌ನಲ್ಲಿ ಇದು ಮೊದಲೇ ಅಡಕವಾಗಿರುತ್ತದೆ: ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್, ಐಫೋನ್‌ನಲ್ಲಿ ವಾಯ್ಸ್‌ಓವರ್. ಎರಡರಲ್ಲಿಯೂ ಕನ್ನಡ ದನಿ ಇದೆ. ಹಳ್ಳಿಗಳಲ್ಲಿ ಈಗ ಬಹಳ ಮಂದಿ ಶುರುಮಾಡುವುದು ಮೊಬೈಲಿನಿಂದಲೇ.

ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರನ್ನು ಉಚಿತವಾಗಿ ಕೊಡುತ್ತಾರಂತೆ. ಅದರ ಹಿಂದೆ ಯಾರಿದ್ದಾರೆ?

ಅನುಮಾನ ಸಹಜ. ಸ್ಕ್ರೀನ್ ರೀಡರ್ ಎಂದರೆ ಬಹುಕಾಲ ದುಬಾರಿ ಸರಕಾಗಿತ್ತು. ಹೆಸರುವಾಸಿಯಾದ ‘ಜಾಸ್’ನ ಮೊದಲ ಆವೃತ್ತಿ ಬಂದದ್ದು 1989ರಲ್ಲಿ, ಮೋಟಾರ್‌ಸೈಕಲ್ ಸ್ಪರ್ಧಿಯಾಗಿದ್ದು ಅಪಘಾತದಲ್ಲಿ ಕಣ್ಣು ಕಳೆದುಕೊಂಡ ಟೆಡ್ ಹೆಂಟರ್ ಅದರ ಹಿಂದಿದ್ದವರು. ಒಳ್ಳೆಯ ತಂತ್ರಾಂಶ, ಆದರೆ ಆಗ ಇಂಥವುಗಳ ಬೆಲೆ ಸಾವಿರ ಡಾಲರಿನ ಆಸುಪಾಸು ಇತ್ತು. ಕಂಪ್ಯೂಟರಿಗಿಂತ ಅದನ್ನು ಓದಿಸುವ ತಂತ್ರಾಂಶಕ್ಕೇ ಹೆಚ್ಚು ದುಡ್ಡು.

2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಇದಕ್ಕೆ ಪರ್ಯಾಯವಾಗಿ ಎನ್‌ವಿಡಿಎ ಬರೆಯಲು ಕೂತರು. ಬಾಲ್ಯದಲ್ಲಿ ಅಂಧ ಮಕ್ಕಳ ಸಂಗೀತ ಶಿಬಿರದಲ್ಲಿ ಪರಿಚಯವಾಗಿದ್ದ ಗೆಳೆಯ ಜೇಮ್ಸ್ ಟೇ ಜೊತೆಗೂಡಿದರು. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಮರುವರ್ಷ ಎನ್‌ವಿ ಆಕ್ಸೆಸ್ ಎಂಬ ಲಾಭರಹಿತ ಸಂಸ್ಥೆ ಹುಟ್ಟಿತು. ಆರಂಭದ ದಿನಗಳಲ್ಲಿ ಅಮೆರಿಕದ ಮೊಜಿಲ್ಲಾ ಫೌಂಡೇಶನ್ ಹಣ ಕೊಟ್ಟು ಆಸರೆಯಾಯಿತು. ಸಂಸ್ಥೆ ನಡೆಯುವುದು ದೇಣಿಗೆಯಿಂದ. ನೀವು ಕೊಡದಿದ್ದರೂ ತಂತ್ರಾಂಶ ನಿಮ್ಮದೇ.

ಬೆಲೆಗಿಂತ ದೊಡ್ಡ ಸಂಗತಿ ಇನ್ನೊಂದಿದೆ. ಅದರ ಮೂಲಸಂಕೇತ ಮುಕ್ತವಾಗಿದೆ, ಯಾರು ಬೇಕಾದರೂ ತೆರೆದು ತಿದ್ದಬಹುದು. ಹಾಗಾಗಿ ಒಂದು ಕಂಪನಿಗೆ ‘ಮಾರುಕಟ್ಟೆ ಚಿಕ್ಕದು’ ಎನಿಸುವ ಭಾಷೆಗಳೂ ಒಳಗೆ ಬಂದವು. 50ಕ್ಕೂ ಹೆಚ್ಚು ಭಾಷೆಗಳಿಗೆ ಸ್ವಯಂಸೇವಕರು ಅನುವಾದ ಮಾಡಿದ್ದಾರೆ, ಕನ್ನಡವೂ ಅದರಲ್ಲಿದೆ. ಆದರೆ ಪ್ರತಿ ಹೊಸ ಆವೃತ್ತಿಯೊಂದಿಗೆ ಹೊಸ ಸಾಲುಗಳು ಸೇರುತ್ತವೆ, ಅವನ್ನು ಯಾರಾದರೂ ಕೂತು ಕನ್ನಡಿಸಬೇಕು. ಮದುವೆಯ ಚಪ್ಪರದ ಹಾಗೆ ಒಮ್ಮೆ ಹಾಕಿ ಮರೆಯುವ ಕೆಲಸವಲ್ಲ ಇದು, ಮನೆಯ ಹಂಚಿನಂತೆ ವರ್ಷವರ್ಷವೂ ಕೈಯಾಡಿಸಬೇಕು.

ಅದರಲ್ಲಿ ಕೇಳಿಸುವ ಕನ್ನಡ ದನಿ ಎಲ್ಲಿಯದು? ಅಷ್ಟೊಂದು ಯಾಂತ್ರಿಕವಾಗಿ ಏಕಿದೆ?

ಅದು ಇ-ಸ್ಪೀಕ್. ಇಂಗ್ಲೆಂಡಿನ ಜೊನಾಥನ್ ಡಡಿಂಗ್ಟನ್ 1995ರಲ್ಲಿ ಅಲ್ಲಿನ ಏಕಾರ್ನ್ ಕಂಪ್ಯೂಟರುಗಳಿಗಾಗಿ ಶುರುಮಾಡಿದ ತಂತ್ರಾಂಶದ ಮುಂದುವರಿಕೆ. 2015ರ ಕೊನೆಯಿಂದ ಇ-ಸ್ಪೀಕ್ ಎನ್‌ಜಿ ಎಂಬ ಹೆಸರಿನಲ್ಲಿ ಬೇರೆ ಗುಂಪು ಅದನ್ನು ಬೆಳೆಸುತ್ತಿದೆ. ಅದು ಮನುಷ್ಯರು ಓದಿ ಮುದ್ರಿಸಿದ ಪದಗಳನ್ನು ಜೋಡಿಸಿ ಮಾಡಿದ್ದಲ್ಲ. ಬಾಯಿ, ಗಂಟಲುಗಳಲ್ಲಿ ಧ್ವನಿ ಅನುರಣಿಸುವ ಬಗೆಯನ್ನು ಲೆಕ್ಕ ಹಾಕಿ ಸ್ವರ ಹುಟ್ಟಿಸುತ್ತದೆ. ಅದಕ್ಕೇ ತಗಡಿನ ಡಬ್ಬಿಯೊಳಗಿಂದ ಯಾರೋ ಮಾತಾಡಿದಂತೆ ಕೇಳಿಸುವುದು. ಅದಕ್ಕೇ ಕೆಲವೇ ಎಂಬಿ ಜಾಗದಲ್ಲಿ ನೂರಕ್ಕೂ ಹೆಚ್ಚು ಭಾಷೆಗಳು ಕೂರುವುದು, ಹಳೆಯ ಕಂಪ್ಯೂಟರಿನಲ್ಲಿಯೂ ತಡವರಿಸದೆ ಓಡುವುದು, ಎಷ್ಟು ವೇಗಕ್ಕೆ ಏರಿಸಿದರೂ ಪದಗಳು ಕಲಸಿಹೋಗದಿರುವುದು.

ಕಣ್ಣಿರುವವರು ಇದನ್ನು ಕೇಳಿ ಮೂಗು ಮುರಿಯುತ್ತಾರೆ, ಇಂಪಾದ ದನಿ ಹಾಕಿಕೊಡೋಣವೆಂದು ಹೊರಡುತ್ತಾರೆ. ಕಥೆ ಕಾದಂಬರಿಗೆ ಇಂಪು ಬೇಕು, ನಿಜ. ಐಐಟಿ ಮದ್ರಾಸ್ ಮುಂದಾಳತ್ವದಲ್ಲಿ ಹಲವು ಸಂಸ್ಥೆಗಳು ಸೇರಿ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಸಹಜ ದನಿಗಳನ್ನು ಮಾಡಿವೆ, ದೊಡ್ಡ ಕಂಪನಿಗಳ ದನಿಗಳೂ ಇವೆ. ಆದರೆ ದಿನಕ್ಕೆ ಎಂಟು ಗಂಟೆ ಕಚೇರಿ ಕೆಲಸ ಮಾಡುವವರು ತಗಡಿನ ದನಿಗೇ ಮರಳುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಇ-ಸ್ಪೀಕ್‌ನಲ್ಲಿ ಕನ್ನಡಕ್ಕೆಂದು ಎರಡು ಸಾದಾ ಪಠ್ಯ ಕಡತಗಳಿವೆ. ಒಂದರಲ್ಲಿ ಯಾವ ಅಕ್ಷರಕ್ಕೆ ಯಾವ ಉಚ್ಚಾರ ಎಂಬ ನಿಯಮಗಳು, ಇನ್ನೊಂದರಲ್ಲಿ ನಿಯಮಕ್ಕೆ ಬಗ್ಗದ ಪದಗಳ, ಸಂಖ್ಯೆಗಳ ಪಟ್ಟಿ. ಇಂಗ್ಲೆಂಡಿನವರು ಬಾಯಿ ಮಾಡಿಕೊಟ್ಟರು; ಅದು ‘ಳ’ವನ್ನು ‘ಳ’ ಎಂದೇ ಹೇಳುತ್ತಿದೆಯೇ ಎಂದು ನೋಡುವುದು ಅವರಿಂದ ಆಗದ ಕೆಲಸ.

ಕಚೇರಿಯಿಂದ ಬಂದ ಕನ್ನಡ ಸುತ್ತೋಲೆಯನ್ನು ಸ್ಕ್ರೀನ್ ರೀಡರ್ ಓದುವುದೇ ಇಲ್ಲ. ತಂತ್ರಾಂಶ ಕೆಟ್ಟಿದೆಯೇ?

ಇಲ್ಲ. ಕೆಟ್ಟಿರುವುದು ಸುತ್ತೋಲೆ.

ಯುನಿಕೋಡ್‌ಗೆ ಮುಂಚಿನ ಕನ್ನಡ ಅಕ್ಷರಶೈಲಿಗಳು ಒಂದು ಕಣ್ಕಟ್ಟು ಮಾಡುತ್ತಿದ್ದವು. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಹೊದಿಸುತ್ತಿದ್ದವು. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ‘ಕನ್ನಡ’ ಎಂದು ಟೈಪಿಸಿದರೆ ಕಡತದೊಳಗೆ ಕೂಡುವುದು ಇಂಗ್ಲಿಷಿನ ‘ಪಿ’, ತಲೆಯ ಮೇಲೆ ಗೆರೆ ಹೊತ್ತ ‘ಎ’, ಬ್ರಿಟನ್ನಿನ ಪೌಂಡ್ ಚಿಹ್ನೆ, ಜರ್ಮನ್ನರ ಒಂದು ಅಕ್ಷರ, ‘ಕ್ಯು’, ಹೀಗೆ. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಸಂತೆ. ಸ್ಕ್ರೀನ್ ರೀಡರ್ ಆಕಾರ ನೋಡುವುದಿಲ್ಲ, ಒಳಗಿನ ಸಂಕೇತವನ್ನು ಓದುತ್ತದೆ. ಹಾಗಾಗಿ ಪಾಪ, ಅದು ‘ಪಿ… ಪೌಂಡ್… ಕ್ಯು…’ ಎಂದು ಶುರುಮಾಡುತ್ತದೆ. ಒಬ್ಬ ನೌಕರರು ತಮ್ಮ ವರ್ಗಾವಣೆ ಆದೇಶವನ್ನು ಹೀಗೆ ಪೌಂಡುಗಳ ಲೆಕ್ಕದಲ್ಲಿ ಕೇಳಿಸಿಕೊಂಡು, ಕೊನೆಗೆ ಊರಿನ ಹೆಸರು ತಿಳಿಯಲು ಜವಾನರನ್ನು ಕರೆದದ್ದು ನನ್ನ ಎದುರಿಗೇ.

ಯುನಿಕೋಡ್ ಬಂದದ್ದು 1991ರಲ್ಲಿ. ಅದೇ ಒಂದು ಅಂತರರಾಷ್ಟ್ರೀಯ ಒಪ್ಪಂದ: ಜಗತ್ತಿನ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ. ಕನ್ನಡಕ್ಕೂ ಮೊದಲಿನಿಂದಲೇ ಜಾಗ ಕೊಟ್ಟಿದ್ದಾರೆ. ಯುನಿಕೋಡ್‌ನಲ್ಲಿ ಅಕ್ಷರಗಳು ಉಚ್ಚಾರದ ಕ್ರಮದಲ್ಲಿ ಕೂಡುತ್ತವೆ. ‘ಸೂರ್ಯ’ದಲ್ಲಿ ಅರ್ಕಾವತ್ತು ಬರಹದಲ್ಲಿ ‘ಯ’ದ ಆಚೆ ಕಂಡರೂ ಒಳಗೆ ‘ರ್’ ಮೊದಲು, ‘ಯ’ ಆಮೇಲೆ. ಓದಿ ಹೇಳುವ ಯಂತ್ರಕ್ಕೆ ಇದಕ್ಕಿಂತ ಅನುಕೂಲ ಬೇರಿಲ್ಲ.

ಪರಿಹಾರ: ಹಳೆಯ ಕಡತಗಳಿಗೆ ಪರಿವರ್ತಕ ತಂತ್ರಾಂಶ ಬಳಸಿ. ಹೊಸದನ್ನು ಯುನಿಕೋಡ್‌ನಲ್ಲಿಯೇ ಟೈಪಿಸಿ. ಕೀಲಿಮಣೆಯ ವಿನ್ಯಾಸ ಅದೇ ಇರುತ್ತದೆ, ಬೆರಳಿಗೆ ಹೊಸ ಅಭ್ಯಾಸವೇನೂ ಬೇಕಿಲ್ಲ. ಮುದ್ರಣದವರು ‘ಪುಟವಿನ್ಯಾಸಕ್ಕೆ ಹಳೆಯದೇ ಬೇಕು’ ಎನ್ನುವ ಕಾಲವೂ ಮುಗಿಯುತ್ತ ಬಂದಿದೆ.

ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ?

ಅದು ಚಿತ್ರ. ಚಿತ್ರದಿಂದ ಅಕ್ಷರ ಎತ್ತುವ ತಂತ್ರಾಂಶ, ಅಂದರೆ ಓಸಿಆರ್, ಬೇಕು. 1980ರ ದಶಕದಲ್ಲಿ ಎಚ್‌ಪಿ ಕಂಪನಿಯ ಪ್ರಯೋಗಾಲಯದಲ್ಲಿ ಹುಟ್ಟಿ, 2005ರಲ್ಲಿ ಮುಕ್ತವಾದ ಟೆಸೆರಾಕ್ಟ್ ಈಗ ಕನ್ನಡವನ್ನೂ ಗುರುತಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೈಲ್ ಪ್ರಯೋಗಾಲಯ ಕನ್ನಡ ಲಿಪಿಗೆಂದೇ ‘ಲಿಪಿ ಜ್ಞಾನಿ’ಯನ್ನು ಮಾಡಿದೆ. ಅಚ್ಚು ಚೆನ್ನಾಗಿದ್ದರೆ ಎರಡೂ ಉಪಯುಕ್ತ. ಹಳೆಯ ಅಚ್ಚುಮೊಳೆಯ ಪುಸ್ತಕದಲ್ಲಿ ಒತ್ತಕ್ಷರಗಳು ಮಸಿ ಹೀರಿ ಒಂದಕ್ಕೊಂದು ಅಂಟಿರುತ್ತವೆ. ಅಲ್ಲಿ ಯಂತ್ರ ಎಡವುತ್ತದೆ, ಮನುಷ್ಯ ಕೂತು ಕರಡು ತಿದ್ದಲೇಬೇಕು.

ದನಿಯೇ ಇರುವಾಗ ಬ್ರೈಲ್ ಕಲಿಯುವುದೇಕೆ?

‘ದನ’ ಮತ್ತು ‘ಧನ’ ಎರಡನ್ನೂ ಕಿವಿಯಲ್ಲಷ್ಟೇ ಕೇಳಿ ಬೆಳೆದ ಮಗುವಿಗೆ ಕಾಗುಣಿತ ಬರುವುದು ಹೇಗೆ? ‘ಶೇಷ’ದಲ್ಲಿ ಮೊದಲನೆಯದು ಯಾವ ‘ಶ’, ಎರಡನೆಯದು ಯಾವುದು? ಕಿವಿಯಿಂದ ವಿಷಯ ತಿಳಿಯುತ್ತದೆ, ಅಕ್ಷರಸ್ಥರಾಗುವುದು ಬೆರಳಿನಿಂದ. ಗಣಿತ, ವಿಜ್ಞಾನಗಳ ಸೂತ್ರಗಳನ್ನು ಕಿವಿಯಲ್ಲಿ ಹಿಡಿದಿಟ್ಟುಕೊಂಡು ಬಿಡಿಸಿ ನೋಡಿ, ಆಗ ತಿಳಿಯುತ್ತದೆ. ಕಿವಿಯೂ ಕೇಳದವರಿಗಂತೂ ಬ್ರೈಲ್ ಒಂದೇ ದಾರಿ. ಮೈಸೂರಿನಲ್ಲಿ ಸರ್ಕಾರಿ ಬ್ರೈಲ್ ಮುದ್ರಣಾಲಯ ಇರುವುದು ಇದಕ್ಕೇ. ಗದುಗಿನ ಪುಟ್ಟರಾಜ ಗವಾಯಿಗಳು ಭಗವದ್ಗೀತೆಯನ್ನು ಬ್ರೈಲ್‌ಗೆ ತಂದದ್ದನ್ನು ಉತ್ತರ ಕರ್ನಾಟಕದಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಫ್ರಾನ್ಸಿನ ಲಿಪಿ ಕನ್ನಡಕ್ಕೆ ಹೊಂದಿಕೊಂಡದ್ದು ಹೇಗೆ?

ಈ ಕಥೆ ನನಗೆ ಬಲು ಇಷ್ಟ, ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಲೂಯಿ ಬ್ರೈಲ್ ರೂಪಿಸಿದ್ದು ಆರು ಚುಕ್ಕಿಗಳ ಮನೆ; ಅದರಲ್ಲಿ 63 ಜೋಡಣೆಗಳು ಸಾಧ್ಯ. ಭಾರತಕ್ಕೆ ಅದು ಬಂದಾಗ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ನಮ್ಮ ಅಕ್ಷರಗಳಿಗೆ ಚುಕ್ಕಿ ಹಂಚಿದರು. ಒಂದು ಪ್ರಾಂತದ ಪುಸ್ತಕ ಇನ್ನೊಂದಕ್ಕೆ ನಡೆಯದು, ಒಂದೇ ಭಾಷೆಗೆ ಎರಡು ಮೂರು ಪದ್ಧತಿ. 1949ರಲ್ಲಿ ಭಾರತ ಸರ್ಕಾರ ಯುನೆಸ್ಕೊಗೆ ಪತ್ರ ಬರೆದು ಈ ಗೋಜಲನ್ನು ಬಿಡಿಸಲು ನೆರವು ಕೇಳಿತು. ಯುನೆಸ್ಕೊ ನ್ಯೂಜಿಲೆಂಡಿನ ಕ್ಲೂಥ ಮೆಕೆಂಝಿಯವರನ್ನು ಸಲಹೆಗಾರರನ್ನಾಗಿ ನೇಮಿಸಿತು. ಅವರು ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡವರು. 1950ರಲ್ಲಿ ಪ್ಯಾರಿಸ್‌ನಲ್ಲಿ ಸಭೆ ನಡೆಯಿತು, 1951ರಲ್ಲಿ ಭಾರತಿ ಬ್ರೈಲ್ ಇತ್ಯರ್ಥವಾಯಿತು.

ಅದರ ಸೂತ್ರ ಸರಳ: ಉಚ್ಚಾರ ಒಂದೇ ಆದರೆ ಚುಕ್ಕಿಯೂ ಒಂದೇ. ಕನ್ನಡದ ‘ಕ’, ಹಿಂದಿಯ ‘ಕ’, ತಮಿಳಿನ ‘ಕ’ ಮೂರಕ್ಕೂ ಒಂದು ಮತ್ತು ಮೂರನೆಯ ಚುಕ್ಕಿ. ಇಂಗ್ಲಿಷಿನ ‘ಕೆ’ಗೂ ಅದೇ. ಲಿಪಿಯ ಹೆಸರಿನಲ್ಲಿ ನಾವು ಕಿತ್ತಾಡುವ ದೇಶದಲ್ಲಿ ಕಣ್ಣು ಕಾಣದವರು ಮುಕ್ಕಾಲು ಶತಮಾನದ ಹಿಂದೆಯೇ ಒಂದು ಲಿಪಿಗೆ ಒಪ್ಪಿದರು. ನೇಪಾಳಿ, ಸಿಂಹಳ, ಬಾಂಗ್ಲಾದೇಶದ ಬಂಗಾಳಿಗೂ ಇದೇ ಬುಡ.

ಬ್ರೈಲ್‌ನಲ್ಲಿ ತಲೆಕಟ್ಟು, ಗುಡಿಸು, ಕೊಂಬುಗಳಿಲ್ಲ. ‘ಕಿ’ ಎಂದರೆ ‘ಕ’ದ ಮುಂದೆ ‘ಇ’. ಒತ್ತಕ್ಷರ ಕೆಳಗೆ ಇಳಿಯುವುದಿಲ್ಲ. ಸ್ವರ ಕಳೆದುಕೊಳ್ಳುವ ವ್ಯಂಜನಕ್ಕೆ ಮೊದಲು ನಾಲ್ಕನೆಯ ಚುಕ್ಕಿಯೊಂದನ್ನು ಇಟ್ಟರೆ ಮುಗಿಯಿತು. ‘ಕ್ಷ’ ಮತ್ತು ‘ಜ್ಞ’ಗಳಿಗೆ ಮಾತ್ರ ಅವುಗಳದೇ ಮನೆಗಳು. ಒಂದನೆಯ ತರಗತಿಯಲ್ಲಿ ಒತ್ತಕ್ಷರಕ್ಕಾಗಿ ಪೆಟ್ಟು ತಿಂದ ನನ್ನಂಥವರಿಗೆ ಇದನ್ನು ಕಂಡಾಗ ಸಣ್ಣ ಹೊಟ್ಟೆಕಿಚ್ಚು.

ಕಂಪ್ಯೂಟರಿನೊಳಗೆ ಈ ನಿಯಮಗಳನ್ನು ಹೊತ್ತಿರುವುದು ಲಿಬ್‌ಲೂಯಿ ಎಂಬ ಮುಕ್ತ ತಂತ್ರಾಂಶ. ಅದನ್ನು 2002ರಲ್ಲಿ ಆರಂಭಿಸಿದ ಅಮೆರಿಕದ ಜಾನ್ ಬೋಯರ್ ಅವರಿಗೆ ಕಣ್ಣೂ ಕಾಣುತ್ತಿರಲಿಲ್ಲ, ಕಿವಿಯೂ ಕೇಳುತ್ತಿರಲಿಲ್ಲ. ಸ್ವಿಟ್ಜರ್ಲೆಂಡಿನ ಅಂಧರ ಗ್ರಂಥಾಲಯದವರು ಅದರ ನಿರ್ವಹಣೆಯಲ್ಲಿ ಕೈಜೋಡಿಸಿದ್ದಾರೆ. ಯಾವ ಅಕ್ಷರಕ್ಕೆ ಯಾವ ಚುಕ್ಕಿ ಎಂಬ ಕನ್ನಡದ ಕೋಷ್ಟಕವೂ ಅದರಲ್ಲಿದೆ, ಎನ್‌ವಿಡಿಎ ಅದನ್ನೇ ಬಳಸುತ್ತದೆ. ಆಸ್ಟ್ರೇಲಿಯಾ, ಇಂಗ್ಲೆಂಡ್, ಅಮೆರಿಕ, ಸ್ವಿಟ್ಜರ್ಲೆಂಡ್: ಒಂದು ಸಾಲು ಕನ್ನಡ ಬೆರಳಿಗೆ ತಾಕುವ ಹೊತ್ತಿಗೆ ಇಷ್ಟು ಊರು ಸುತ್ತಿ ಬಂದಿರುತ್ತದೆ.

ಬ್ರೈಲ್ ಪರದೆಗೆ ಲಕ್ಷಗಟ್ಟಲೆ ಹೇಳುತ್ತಾರೆ. ಅಗ್ಗದ್ದು ಇಲ್ಲವೇ?

ಚುಕ್ಕಿಗಳು ಎದ್ದು ಇಳಿಯುವ ಸಾಧನವಿದು. ಒಂದೊಂದು ಮನೆಯಲ್ಲಿ ಆರರ ಜೊತೆ ಇನ್ನೆರಡು ಸೇರಿ ಎಂಟು ಮೊಳೆಗಳಿದ್ದರೆ 40 ಮನೆಗಳ ಸಾಲಿಗೆ 320 ಮೊಳೆಗಳಾದವು. ಪ್ರತಿಯೊಂದನ್ನೂ ವಿದ್ಯುತ್ತಿಗೆ ಬಾಗುವ ಪುಟ್ಟ ಪಟ್ಟಿಯೊಂದು ಎತ್ತಬೇಕು. ಮಾಡುವವರು ಕೆಲವರೇ, ಕೊಳ್ಳುವವರೂ ಕಡಿಮೆ, ಬೆಲೆ ಇಳಿಯುವುದು ಹೇಗೆ?

ಹಲವು ದೇಶಗಳ ಅಂಧರ ಸಂಸ್ಥೆಗಳು ‘ಟ್ರಾನ್ಸ್‌ಫಾರ್ಮಿಂಗ್ ಬ್ರೈಲ್ ಗ್ರೂಪ್’ ಎಂದು ಒಟ್ಟಾಗಿ, ಸಗಟು ಖರೀದಿಯ ಭರವಸೆ ಕೊಟ್ಟು, ಅಗ್ಗದ ತಂತ್ರಕ್ಕೆ ಹಣ ಹೂಡಿದವು. ಊರಿನವರೆಲ್ಲ ಸೇರಿ ಒಟ್ಟಿಗೆ ಅಕ್ಕಿ ತರಿಸಿದ ಹಾಗೆ. ಅದರ ಫಲ 20 ಮನೆಗಳ ಆರ್ಬಿಟ್ ರೀಡರ್. ಮಾರುಕಟ್ಟೆಗೆ ಬಂದಾಗ ಸುಮಾರು 500 ಡಾಲರ್. ಚುಕ್ಕಿಗಳು ನಿಧಾನ, ಕಟಕಟ ಸದ್ದು ಬೇರೆ. ಆದರೂ ಬಾಗಿಲು ತೆರೆಯಿತು.

ಸದ್ದಿಲ್ಲದೆ ಆದ ಇನ್ನೊಂದು ಕೆಲಸ ನನ್ನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡದು. ಹಿಂದೆ ಒಂದೊಂದು ಬ್ರೈಲ್ ಪರದೆಗೂ ಬೇರೆ ಬೇರೆ ಚಾಲಕ ತಂತ್ರಾಂಶ ಹುಡುಕಬೇಕಿತ್ತು. 2018ರಲ್ಲಿ ಆಪಲ್, ಗೂಗಲ್, ಮೈಕ್ರೊಸಾಫ್ಟ್ ಮುಂತಾದವರು ಕೂತು ಯುಎಸ್‌ಬಿಯಲ್ಲಿ ಬ್ರೈಲ್ ಪರದೆಗಳಿಗೆಂದೇ ಒಂದು ಮಾನಕ ತಂದರು. ಅದನ್ನು ಪಾಲಿಸುವ ಸಾಧನ ಮೌಸ್‌ನಂತೆ ಚುಚ್ಚಿದೊಡನೆ ನಡೆಯುತ್ತದೆ. ಕೊಳ್ಳುವ ಮುನ್ನ ಎರಡು ಪ್ರಶ್ನೆ ಕೇಳಿ: ಈ ಮಾನಕ ಇದೆಯೇ? ಕನ್ನಡ ಕೋಷ್ಟಕ ಇದೆಯೇ? ಎರಡನೆಯದಕ್ಕೆ ಮಾರುವವರು ‘ಎಲ್ಲ ಭಾರತೀಯ ಭಾಷೆಗಳೂ ಇವೆ’ ಎಂದರೆ, ‘ಸರಿ, ಈ ವಾಕ್ಯ ತೋರಿಸಿ’ ಎಂದು ಕನ್ನಡದ ಒಂದು ಸಾಲನ್ನು ಅಲ್ಲೇ ಓದಿಸಿ ನೋಡಿ.

ಮರಾಕೇಶ್ ಒಪ್ಪಂದ ಎಂದರೇನು?

ಜಗತ್ತಿನಲ್ಲಿ ಅಚ್ಚಾಗುವ ಪುಸ್ತಕಗಳಲ್ಲಿ ಕಣ್ಣು ಕಾಣದವರು ಓದಬಹುದಾದ ರೂಪಕ್ಕೆ ಬರುವುದು ನೂರಕ್ಕೆ ಹತ್ತಕ್ಕಿಂತ ಕಡಿಮೆ ಎಂದು ವಿಶ್ವ ಅಂಧರ ಒಕ್ಕೂಟ ಹೇಳುತ್ತ ಬಂದಿತ್ತು. ಇದಕ್ಕೆ ‘ಪುಸ್ತಕ ಬರಗಾಲ’ ಎಂದೇ ಹೆಸರು. ಬಂದಿದ್ದ ಅಷ್ಟಿಷ್ಟೂ ಹಕ್ಕುಸ್ವಾಮ್ಯದಿಂದಾಗಿ ಗಡಿ ದಾಟುವಂತಿರಲಿಲ್ಲ. ಸ್ಪೇನಿನ ಅಂಧರ ಸಂಸ್ಥೆಯ ಗ್ರಂಥಾಲಯ ತುಂಬಿದ್ದರೂ ಅದೇ ಭಾಷೆ ಓದುವ ಲ್ಯಾಟಿನ್ ಅಮೆರಿಕದವರು ಅದೇ ಪುಸ್ತಕವನ್ನು ಮೊದಲಿಂದ ಬ್ರೈಲ್ ಮಾಡಿಕೊಳ್ಳಬೇಕಿತ್ತು.

2009ರಲ್ಲಿ ಬ್ರೆಜಿಲ್, ಎಕ್ವಡಾರ್, ಪರಾಗ್ವೆ ದೇಶಗಳು ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಲ್ಲಿ ಒಕ್ಕೂಟದ ಕರಡನ್ನು ಮುಂದಿಟ್ಟವು. 2013ರ ಜೂನ್ 27ರಂದು ಮೊರಾಕೊದ ಮರಾಕೇಶ್‌ನಲ್ಲಿ ಒಪ್ಪಂದವಾಯಿತು. ಒಪ್ಪಂದವಾದರೆ ಬಂದು ಹಾಡುತ್ತೇನೆ ಎಂದಿದ್ದ ಗಾಯಕ ಸ್ಟೀವಿ ವಂಡರ್ ಮಾತು ಉಳಿಸಿಕೊಂಡು ಹೋಗಿ ಹಾಡಿದರು. 2014ರಲ್ಲಿ ಅದನ್ನು ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ. 20 ದೇಶಗಳು ಸೇರಿದ ಮೇಲೆ, 2016ರ ಸೆಪ್ಟೆಂಬರ್ 30ರಂದು ಜಾರಿಗೆ ಬಂತು.

ತಿರುಳು ಇಷ್ಟೇ: ಮಾನ್ಯತೆ ಪಡೆದ ಸಂಸ್ಥೆ ಪುಸ್ತಕವನ್ನು ಓದಬಲ್ಲ ರೂಪಕ್ಕೆ ತರಲು ಹಕ್ಕುದಾರರ ಅಪ್ಪಣೆ ಬೇಡ, ಹಾಗೆ ಮಾಡಿದ್ದನ್ನು ಇನ್ನೊಂದು ಸದಸ್ಯ ದೇಶಕ್ಕೆ ಕಳಿಸಲೂಬಹುದು. ಪುಸ್ತಕ ಹಿಡಿಯಲಾಗದ ದೈಹಿಕ ತೊಂದರೆ ಇರುವವರಿಗೂ, ಡಿಸ್ಲೆಕ್ಸಿಯಾದಂಥ ಓದುವ ತೊಡಕು ಇರುವವರಿಗೂ ಇದು ಅನ್ವಯಿಸುತ್ತದೆ. ಲಂಡನ್ನಿನಲ್ಲಿರುವ ಕಣ್ಣು ಕಾಣದ ಕನ್ನಡಿಗರೊಬ್ಬರು ಬೆಂಗಳೂರಿನಲ್ಲಿ ತಯಾರಾದ ಕನ್ನಡ ಪುಸ್ತಕವನ್ನು ಕಾನೂನುಬದ್ಧವಾಗಿ ತರಿಸಿಕೊಳ್ಳಬಹುದು.

ಹಾಗಿದ್ದರೂ ಕನ್ನಡ ಪುಸ್ತಕಗಳು ಅಷ್ಟು ಕಡಿಮೆ ಏಕೆ?

ಇಂಗ್ಲಿಷ್ ಪುಸ್ತಕವಾದರೆ ಅಮೆರಿಕದ ಬುಕ್‌ಶೇರ್‌ನಂಥ ಗ್ರಂಥಾಲಯಗಳಿಂದ ಬರುತ್ತದೆ. ಕನ್ನಡದ್ದು ಯಾವ ದೇಶದಿಂದ ಬರಬೇಕು? ಮರಾಕೇಶ್ ಬಾಗಿಲು ತೆಗೆಯಿತು, ಆದರೆ ಕನ್ನಡದ ಕಣಜ ತುಂಬುವುದು ನಮ್ಮ ಹೊಲದಿಂದಲೇ.

ಪ್ರಕಾಶಕರು ಹೆದರುವುದನ್ನು ಕಂಡಿದ್ದೇನೆ, ‘ಹಕ್ಕು ಕೊಟ್ಟರೆ ಕಳ್ಳಪ್ರತಿ ಆಗುತ್ತದೆ’ ಎಂದು. 2012ರಲ್ಲಿ ತಿದ್ದುಪಡಿಯಾದ ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯಂತೆ ಲಾಭದ ಉದ್ದೇಶವಿಲ್ಲದೆ ಈ ರೂಪಾಂತರ ಮಾಡಲು ಅವರ ಹಕ್ಕೇ ಬೇಕಿಲ್ಲ. ಅವರಿಂದ ಬೇಕಿರುವುದು ಕಡತ. ಕಂಪ್ಯೂಟರಿನಲ್ಲಿ ಜೋಡಿಸಿದ ಪುಸ್ತಕವನ್ನು ಅಚ್ಚು ಹಾಕಿ, ಮತ್ತೆ ನಾವು ಸ್ಕ್ಯಾನ್ ಮಾಡಿ, ಓಸಿಆರ್ ಹಾಕಿ, ತಿಂಗಳುಗಟ್ಟಲೆ ಕರಡು ತಿದ್ದುವುದು ಎಂದರೆ ರಾಗಿ ಬೀಸಿ ಹಿಟ್ಟು ಮಾಡಿ, ಆ ಹಿಟ್ಟಿನಿಂದ ಮತ್ತೆ ರಾಗಿ ಕಾಳು ಹೆಕ್ಕಲು ಕೂತಂತೆ. ಒಂದು ಯುನಿಕೋಡ್ ಕಡತವನ್ನು ಕಳಿಸಿಕೊಟ್ಟರೆ ಈ ಪಾಡೆಲ್ಲ ತಪ್ಪುತ್ತದೆ.

ಇರುವ ಪುಸ್ತಕಗಳು ಎಲ್ಲಿ ಸಿಗುತ್ತವೆ?

2016ರಲ್ಲಿ ಆರಂಭವಾದ ‘ಸುಗಮ್ಯ ಪುಸ್ತಕಾಲಯ’ ಎಂಬ ಆನ್‌ಲೈನ್ ಗ್ರಂಥಾಲಯದಲ್ಲಿ. ಇಂಥ ಪುಸ್ತಕ ತಯಾರಿಸುವ ಸಂಸ್ಥೆಗಳ ಒಕ್ಕೂಟವಾದ ಡೈಸಿ ಫೋರಂ ಆಫ್ ಇಂಡಿಯಾದ ಸದಸ್ಯ ಸಂಸ್ಥೆಗಳ ಮೂಲಕ ನೋಂದಾಯಿಸಿಕೊಳ್ಳಬೇಕು. ಬೆಂಗಳೂರಿನ ಮಿತ್ರ ಜ್ಯೋತಿ ಸಂಸ್ಥೆಯಲ್ಲಿ ಕನ್ನಡದ ಧ್ವನಿ ಪುಸ್ತಕಗಳ ಗ್ರಂಥಾಲಯವಿದೆ.

ಬರೀ ಹೊರಗಿನಿಂದ ಪಡೆಯುವುದೇ ಆಯಿತೇ? ಭಾರತದಿಂದ ಏನೂ ಹೋಗಿಲ್ಲವೇ?

ಹೋಗಿದೆ. ಐಐಟಿ ದೆಹಲಿಯಲ್ಲಿ ರೂಪುಗೊಂಡ ಸ್ಮಾರ್ಟ್‌ಕೇನ್ ನೋಡಿ. ಬಿಳಿ ಕೋಲು ನೆಲದ ಅಡ್ಡಿಯನ್ನು ಹೇಳುತ್ತದೆ, ಎದೆಮಟ್ಟದ ಕೊಂಬೆಯನ್ನು, ನಿಂತ ಲಾರಿಯ ಹಿಂಬದಿಯನ್ನು ಹೇಳುವುದಿಲ್ಲ. ಕೋಲಿಗೆ ಸಿಕ್ಕಿಸುವ ಈ ಸಾಧನ ಶಬ್ದಾತೀತ ತರಂಗಗಳಿಂದ ಸುಮಾರು ಮೂರು ಮೀಟರ್ ದೂರದವರೆಗಿನ ಅಡ್ಡಿಯನ್ನು ಪತ್ತೆಹಚ್ಚಿ ಕೈಗೆ ನಡುಕದ ಸೂಚನೆ ಕೊಡುತ್ತದೆ. ವಿನ್ಯಾಸ ದೆಹಲಿಯದು, ಹಣದ ನೆರವು ಬ್ರಿಟನ್ನಿನ ವೆಲ್ಕಮ್ ಟ್ರಸ್ಟ್‌ನದು, ತಯಾರಿಕೆ ಚೆನ್ನೈನದು, ಬಳಸಿ ನೋಡಿ ತಪ್ಪು ಹೇಳಿದವರು ದೆಹಲಿಯ ಸಕ್ಷಮ್ ಸಂಸ್ಥೆಯ ಮೂಲಕ ಬಂದ ಕಣ್ಣು ಕಾಣದವರೇ. 2014ರಲ್ಲಿ ಮಾರುಕಟ್ಟೆಗೆ ಬಂತು. ನಮ್ಮ ಬೀದಿಗಳನ್ನು ನೋಡಿದವರಿಗಷ್ಟೇ ಹೊಳೆಯಬಹುದಾದ ಸಾಧನವದು.

ಅಮೆರಿಕದ ಪರ್ಕಿನ್ಸ್ ಅಂಧರ ಶಾಲೆಯ ಬ್ರೈಲರ್, ಅಂದರೆ ಬ್ರೈಲ್ ಟೈಪಿಸುವ ಯಂತ್ರದ ಕಥೆಯೂ ಚೆನ್ನಾಗಿದೆ. ವೆಲ್ಲೂರಿನ ಬಳಿಯ ಕಾಟ್ಪಾಡಿಯಲ್ಲಿ, ಕುಷ್ಠದಿಂದ ಗುಣವಾದವರಿಗಾಗಿ ಸ್ವೀಡನ್ನಿನ ರೆಡ್‌ಕ್ರಾಸ್ ಕಟ್ಟಿದ ಕೇಂದ್ರವೇ ಇಂದಿನ ವರ್ತ್ ಟ್ರಸ್ಟ್. ಅಲ್ಲಿ ಅಂಗವಿಕಲ ಕೆಲಸಗಾರರ ಕೈಯಲ್ಲಿ ಈ ಬ್ರೈಲರ್‌ಗಳು ತಯಾರಾಗುತ್ತವೆ.

ನಾವು ಅಮೆರಿಕದಲ್ಲಿದ್ದೇವೆ. ನಮ್ಮ ಕನ್ನಡ ಕೂಟದಿಂದ ಹಳೆಯ ಸಾಧನಗಳನ್ನು ಸಂಗ್ರಹಿಸಿ ಊರಿನ ಶಾಲೆಗೆ ಕಳಿಸಬಹುದೇ?

ಮನಸ್ಸು ದೊಡ್ಡದು, ಆದರೆ ದಯವಿಟ್ಟು ಮೊದಲು ಶಾಲೆಯನ್ನು ಕೇಳಿ. ಒಂದು ಶಾಲೆಯ ಕಪಾಟಿನಲ್ಲಿ ಹೀಗೆ ಬಂದ ನಾಲ್ಕು ಸಾಧನಗಳನ್ನು ನೋಡಿದ್ದೇನೆ. ಒಂದಕ್ಕೆ 110 ವೋಲ್ಟ್ ಬೇಕು, ಒಂದರ ಬ್ಯಾಟರಿ ಈಗ ಯಾರೂ ಮಾಡುವುದಿಲ್ಲ, ಮೂರನೆಯದರ ತಂತ್ರಾಂಶದ ಪರವಾನಗಿ ಮುಗಿದಿದೆ. ನಾಲ್ಕನೆಯದು ಚೆನ್ನಾಗಿ ನಡೆಯುತ್ತದೆ, ಇಂಗ್ಲಿಷಿನಲ್ಲಿ ಮಾತ್ರ. ಮಕ್ಕಳು ಓದುವುದು ಕನ್ನಡ ಮಾಧ್ಯಮದಲ್ಲಿ. ಆ ಕಪಾಟಿಗೆ ಆಯುಧಪೂಜೆಯಂದು ಕುಂಕುಮ ಹಚ್ಚುತ್ತಾರೆ.

ಪರ್ಕಿನ್ಸ್ ಬ್ರೈಲರ್ ಇದಕ್ಕೆ ಹೊರತು. ವಿದ್ಯುತ್ ಬೇಡ, ಆರು ಚುಕ್ಕಿಗೆ ಆರು ಕೀಲಿ, ಯಾವ ಭಾಷೆಯಾದರೂ ಸರಿ. ಸುಸ್ಥಿತಿಯಲ್ಲಿದ್ದರೆ ಕಳಿಸಿ.

ಸಾಗಣೆಗೆ ಖರ್ಚು ಮಾಡುವ ಹಣವನ್ನು ಇಲ್ಲಿ ಪಠ್ಯಪುಸ್ತಕದ ಕರಡು ತಿದ್ದುವವರಿಗೆ ಕೊಡಿ. ಇಲ್ಲವೆ ವಾರಕ್ಕೆ ಎರಡು ಗಂಟೆ ನೀವೇ ತಿದ್ದಿ; ಕಡತಕ್ಕೆ ವೀಸಾ ಬೇಡ.

ಸಾಧನ ಕೊಳ್ಳಲು ಸರ್ಕಾರದ ನೆರವು ಇದೆಯೇ?

ಇದೆ. ಕೇಂದ್ರದ ಅಡಿಪ್ ಯೋಜನೆಯಲ್ಲಿ ಆದಾಯ ಮಿತಿಯೊಳಗಿನವರಿಗೆ ಸಾಧನಗಳನ್ನು ಕೊಡುತ್ತಾರೆ. ಬಿಳಿ ಕೋಲಿನಿಂದ ಸ್ಮಾರ್ಟ್‌ಫೋನ್‌ವರೆಗೆ ಪಟ್ಟಿಯಲ್ಲಿವೆ. 40 ಪ್ರತಿಶತಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯದ ಪ್ರಮಾಣಪತ್ರ ಅಥವಾ ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಚೀಟಿ ಇಟ್ಟುಕೊಳ್ಳಿ. ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಮೊದಲು ಕಾಣಿ, ಜಿಲ್ಲಾ ಕಚೇರಿಗೆ ಅಲೆದಾಟ ಕಡಿಮೆಯಾಗುತ್ತದೆ. ಸ್ಮಾರ್ಟ್‌ಫೋನ್ ಕೊಟ್ಟರೆ ಕನ್ನಡ ದನಿಯನ್ನು ಅಲ್ಲೇ ಹಾಕಿಸಿಕೊಂಡು ಬನ್ನಿ.

ಕೃತಕ ಬುದ್ಧಿಮತ್ತೆ ಬಂದ ಮೇಲೆ ಇದೆಲ್ಲ ಇನ್ನು ಬೇಕೇ?

‘ಬಿ ಮೈ ಐಸ್’ ಎಂಬ ಆ್ಯಪ್ ಡೆನ್ಮಾರ್ಕಿನಿಂದ ಬಂದದ್ದು, 2015ರಲ್ಲಿ. ಶುರುಮಾಡಿದ ಹಾನ್ಸ್ ಯೊರ್ಗೆನ್ ವಿಬರ್ಗ್ ಅವರಿಗೂ ದೃಷ್ಟಿ ಮಂದ. ಕಣ್ಣು ಕಾಣದವರು ಕರೆ ಮಾಡಿದರೆ ಅವರ ಭಾಷೆಯ ಸ್ವಯಂಸೇವಕರೊಬ್ಬರು ಮೊಬೈಲಿನ ಕ್ಯಾಮೆರಾ ಮೂಲಕ ನೋಡಿ ಹೇಳುತ್ತಾರೆ. 2023ರಿಂದ ಅದರಲ್ಲಿ ಚಿತ್ರ ವಿವರಿಸುವ ಕೃತಕ ಬುದ್ಧಿಮತ್ತೆಯೂ ಇದೆ. ಅಂಗಿಯ ಬಣ್ಣ, ಫೋಟೊದಲ್ಲಿ ಏನಿದೆ ಎಂಬುದಕ್ಕೆ ಅದು ಬಹಳ ಚೆನ್ನ. ಮಾತ್ರೆಯ ಪಟ್ಟಿಯ ಮೇಲಿನ ಹೆಸರಿಗೆ, ಬಸ್ಸಿನ ಫಲಕಕ್ಕೆ ನಾನು ಅದನ್ನು ನಂಬುವುದಿಲ್ಲ: ತಿಳಿಯದಿದ್ದಾಗ ತಿಳಿಯದು ಎನ್ನುವ ಬದಲು ಗಟ್ಟಿ ದನಿಯಲ್ಲಿ ತಪ್ಪು ಹೇಳಬಲ್ಲದು. ಆಗ ಕನ್ನಡ ಬಲ್ಲ ಮನುಷ್ಯರನ್ನು ಕರೆಯುವುದೇ ಸರಿ. ಸ್ವಯಂಸೇವಕರಾಗಿ ನೋಂದಾಯಿಸುವಾಗ ಭಾಷೆಯ ಜಾಗದಲ್ಲಿ ಕನ್ನಡವನ್ನು ಆರಿಸಲು ಮರೆಯಬೇಡಿ; ಬಹಳ ಮಂದಿ ಅಭ್ಯಾಸಬಲದಿಂದ ಇಂಗ್ಲಿಷ್ ಒತ್ತಿ ಮುಂದೆ ಹೋಗುತ್ತಾರೆ.

ಇ-ಸ್ಪೀಕ್ ಒಂದು ಪದವನ್ನು ತಪ್ಪಾಗಿ ಹೇಳುತ್ತಿದೆ. ಯಾರಿಗೆ ಹೇಳಬೇಕು?

ಮೊದಲು ಆ ಪದ ಯುನಿಕೋಡ್‌ನಲ್ಲಿದೆಯೇ, ಟೈಪಿಂಗ್ ಸರಿಯಿದೆಯೇ ನೋಡಿ. ಸೊನ್ನೆಯ ಬದಲು ಇಂಗ್ಲಿಷಿನ ‘ಓ’ ಹಾಕಿರುವುದೂ ಉಂಟು. ಬಳಿಕ ಮುಕ್ತ ತಂತ್ರಾಂಶಗಳ ಮೂಲಸಂಕೇತ ಇಡುವ ಜಾಲತಾಣವಾದ ಗಿಟ್‌ಹಬ್‌ನಲ್ಲಿರುವ ಇ-ಸ್ಪೀಕ್ ಎನ್‌ಜಿ ಪುಟದಲ್ಲಿ ಸಮಸ್ಯೆಯನ್ನು ದಾಖಲಿಸಿ. ಪದವನ್ನು ಕನ್ನಡದಲ್ಲಿಯೇ ಬರೆಯಿರಿ, ಅದು ಬರುವ ಒಂದು ವಾಕ್ಯ ಕೊಡಿ, ಯಂತ್ರ ಏನೆನ್ನುತ್ತದೆ, ಏನೆನ್ನಬೇಕಿತ್ತು ಎಂದು ತಿಳಿಸಿ. ಸಾಧ್ಯವಾದರೆ ನಿಮ್ಮ ದನಿಯಲ್ಲಿ ಹೇಳಿ ಮುದ್ರಿಸಿ ಜೋಡಿಸಿ. ಒಂದು ದೂರಿಗೆ ಒಂದೇ ಪದ. ಹತ್ತು ಪದಗಳನ್ನು ಒಟ್ಟಿಗೆ ತುರುಕಿದರೆ ಹತ್ತೂ ಉಳಿದುಹೋಗುತ್ತವೆ. ಇಂಗ್ಲಿಷ್ ತಪ್ಪಾದೀತೆಂದು ಹಿಂಜರಿಯಬೇಡಿ: ಓದುವವರಿಗೆ ನಿಮ್ಮ ಇಂಗ್ಲಿಷಿನ ಮೇಲೆ ಆಸಕ್ತಿಯಿಲ್ಲ, ಅವರಿಗೆ ಬಾರದ ಕನ್ನಡ ನಿಮಗೆ ಬರುತ್ತದೆ ಎಂಬುದರ ಮೇಲಿದೆ. ಉತ್ತರ ಬರಲು ವಾರಗಳಾಗಬಹುದು. ಬಂದಾಗ ‘ಈಗ ಕೇಳಿ ನೋಡಿ’ ಎಂದು ಹೊಸ ಪ್ರತಿ ಕೊಡುತ್ತಾರೆ. ಕೇಳಿ, ಸರಿಯಾಗಿದೆಯೋ ಇಲ್ಲವೋ ಎಂದು ಮರೆಯದೆ ಒಂದು ಸಾಲು ಬರೆಯಿರಿ.